ಕೊಲ್ಲದೆ ನೋಡುವ ಕಷ್ಟ

ಚಿಕ್ಕಮ್ಮನಿಗೆ ಕೀಮೋ ನಡೆಯುತ್ತಿದ್ದಾಗ ಮನೆಯವರೆಲ್ಲ ರಕ್ತದ ರಿಪೋರ್ಟಿಗೇ ಕಾಯುತ್ತಿದ್ದೆವು. ನ್ಯೂಟ್ರೋಫಿಲ್ ಇಷ್ಟು, ಇಯೋಸಿನೋಫಿಲ್ ಇಷ್ಟು ಅಂತ ಬರುತ್ತಿತ್ತು. ಎಷ್ಟಿವೆ ಅನ್ನೋದು ಗೊತ್ತಾಗುತ್ತಿತ್ತು, ಅವು ಏನು ಮಾಡುತ್ತಿವೆ ಅನ್ನೋದಲ್ಲ. ಈ ಹೆಸರುಗಳು ಎಲ್ಲಿಂದ ಬಂದವು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಕತೆ ಇದು.

ಬಿಳಿ ರಕ್ತಕಣ ಹೆಸರಿಗಷ್ಟೇ ಬಿಳಿ, ನಿಜಕ್ಕೂ ಅದು ಪಾರದರ್ಶಕ. 1879ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಒಣಗಿಸಿ, ಬಿಸಿಮಾಡಿ, ಅದಕ್ಕೆ ಅನಿಲೀನ್ ಬಣ್ಣ ಹಾಕಿದ. ಇಯೋಸಿನ್ ಬಣ್ಣ ಹೀರಿಕೊಂಡದ್ದು ಇಯೋಸಿನೋಫಿಲ್ ಆಯಿತು. ಆದರೆ ಬಣ್ಣ ಹತ್ತುವಷ್ಟರಲ್ಲಿ ಕಣ ಸತ್ತಿರುತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಕೋರ್ ಡಂಪ್. ಪ್ರೋಗ್ರಾಂ ಸತ್ತ ಮೇಲೆ ಅದರ ಮೆಮೊರಿ ಕೆದಕಿದ ಹಾಗೆ!

1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದ ಇಲ್ಯಾ ಮೆಚ್ನಿಕಾಫ್ ಬೇರೆ ದಾರಿ ಹಿಡಿದ. ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದಾಗ ಅವನಿಗೆ ಆ ಯೋಚನೆ ಹೊಳೆಯಿತಂತೆ. ನಕ್ಷತ್ರಮೀನಿನ ಲಾರ್ವಾ ಗಾಜಿನಂತೆ ಪಾರದರ್ಶಕ. ಅದಕ್ಕೆ ಗುಲಾಬಿ ಮುಳ್ಳು ಚುಚ್ಚಿಟ್ಟ. ಬೆಳಿಗ್ಗೆ ನೋಡಿದರೆ ಜೀವಂತ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. 1908ರ ನೊಬೆಲ್ ಇವರಿಬ್ಬರಿಗೂ ಒಟ್ಟಿಗೇ ಬಂತು.

ಬೆಳಕು ಕೋಶದೊಳಗೆ ಹಾಯುವಾಗ ಒಂಚೂರು ತಡವಾಗುತ್ತದೆ. ಡಚ್ ವಿಜ್ಞಾನಿ ಫ್ರಿಟ್ಸ್ ಝೆರ್ನಿಕೆ 1930ರ ದಶಕದಲ್ಲಿ ಆ ತಡವನ್ನೇ ನೆರಳು-ಬೆಳಕಾಗಿ ಬದಲಿಸಿ ತೋರಿಸಿದ. ಬಣ್ಣವಿಲ್ಲದೆಯೇ ಜೀವಂತ ಕೋಶ ಸ್ಪಷ್ಟವಾಗಿ ಕಂಡಿತು. 1953ರಲ್ಲಿ ಇವನಿಗೂ ನೊಬೆಲ್ ಸಿಕ್ಕಿತು. ಆದರೆ ಕೋಶದ ಆಕಾರ ಕಂಡರೂ ಅದು ಎಚ್ಚರವಾಗಿದೆಯೋ ಮಲಗಿದೆಯೋ ತಿಳಿಯುವುದು ಕಷ್ಟವೇ ಆಗಿತ್ತು.

ಅದಕ್ಕೆ ಉತ್ತರ ಕೋಶದೊಳಗೇ ಇತ್ತು ನೋಡಿ. ಆಹಾರದಿಂದ ಶಕ್ತಿ ಪಡೆಯುವಾಗ ಬಳಕೆಯಾಗುವ ಎನ್‌ಎಡಿಎಚ್ ಎಂಬ ಅಣು ನೇರಳಾತೀತ ಬೆಳಕು ಬಿದ್ದರೆ ನೀಲಿಯಾಗಿ ಮಿನುಗುತ್ತದೆ. ಒಂಟಿಯಾಗಿದ್ದರೆ ಆ ಮಿನುಗು ಬೇಗ ಆರುತ್ತದೆ, ಕಿಣ್ವಕ್ಕೆ ಅಂಟಿಕೊಂಡಿದ್ದರೆ ಸ್ವಲ್ಪ ಹೆಚ್ಚು ಹೊತ್ತು ಉಳಿಯುತ್ತದೆ. ವ್ಯತ್ಯಾಸ ನ್ಯಾನೋಸೆಕೆಂಡುಗಳದ್ದು. ಟಿ-ಕೋಶ ಹೋರಾಟಕ್ಕೆ ಎದ್ದಾಗ ಅದರ ಶಕ್ತಿಯ ಲೆಕ್ಕಾಚಾರ ಬದಲಾಗುತ್ತದೆ, ಜೊತೆಗೆ ಈ ಮಿನುಗೂ. 2020ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಸಂಶೋಧಕರು ಮನುಷ್ಯರ ರಕ್ತದ ಟಿ-ಕೋಶಗಳಲ್ಲಿ ಎದ್ದವು ಯಾವು, ಮಲಗಿದವು ಯಾವು ಅಂತ ಹೀಗೆಯೇ ಬೇರ್ಪಡಿಸಿ ತೋರಿಸಿದರು.

ಇದರಿಂದೇನು ಪ್ರಯೋಜನ ಅಂತೀರಾ? ಕೆಲವು ಕ್ಯಾನ್ಸರ್‌ಗಳಿಗೆ ರೋಗಿಯದೇ ಟಿ-ಕೋಶಗಳನ್ನು ಹೊರತೆಗೆದು, ಬದಲಾಯಿಸಿ, ಮತ್ತೆ ಅವರ ಮೈಗೇ ಸೇರಿಸುವ ಚಿಕಿತ್ಸೆ ಬಂದಿದೆ. ಒಣಗಿಸಿ ಬಣ್ಣ ಹಾಕಿದ ಕೋಶವನ್ನು ವಾಪಸ್ ಕೊಡಲಾಗುವುದಿಲ್ಲ. ಬರೀ ಬೆಳಕಲ್ಲಿ ನೋಡಿದ ಕೋಶ ಬದುಕೇ ಇರುತ್ತದೆ.

ಚಿಕ್ಕಮ್ಮ ಈಗ ಹುಷಾರಾಗಿದ್ದಾರೆ. ಮೊನ್ನೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಅಂತೂ ನನ್ನೊಳಗೂ ದೀಪ ಉರೀತಿದೆ ಅನ್ನು" ಅಂತ ನಕ್ಕರು.