ಒಂದೇ ಮನೆಗೆ ಇಬ್ಬರು ಯಜಮಾನರು



ಹಾಲ್‌ನಲ್ಲಿ ಒಂದು ರೂಟರ್ ಇದೆ. ಒಳಕೋಣೆಗೆ ಸಿಗ್ನಲ್ ಸಾಲದು, ಊರಿನಿಂದ ಬಂದ ಅಮ್ಮನ ವಿಡಿಯೋ ಕರೆ ಅರ್ಧಕ್ಕೇ ನಿಲ್ಲುತ್ತದೆ ಎಂದು ಇನ್ನೊಂದನ್ನು ತಂದು ಜೋಡಿಸುತ್ತೀರಿ. ಸಿಗ್ನಲ್ ಏನೋ ಬರುತ್ತದೆ. ಆದರೆ ಹಾಲ್‌ನ ಕಂಪ್ಯೂಟರಿಗೆ ಕೋಣೆಯ ಪ್ರಿಂಟರ್ ಕಾಣಿಸುವುದಿಲ್ಲ. ಕೆಲವೊಮ್ಮೆ ಇದ್ದ ನೆಟ್ಟೂ ಹೋಗುತ್ತದೆ! ಈ ಜಗಳಕ್ಕೆ ಒಂದು ಇತಿಹಾಸವಿದೆ.

ರೂಟರ್ ಹುಟ್ಟಿದ್ದೇ ಜೋಡಿಸುವುದಕ್ಕೆ. 1969ರ ಅಕ್ಟೋಬರ್ 29ರಂದು ಅಮೆರಿಕದ ಅರ್ಪಾನೆಟ್‌ನಲ್ಲಿ ಮೊದಲ ಸಂದೇಶ ಲಾಸ್ ಏಂಜಲೀಸ್‌ನಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಹೋಯಿತು. ಅದನ್ನು ಸಾಗಿಸಿದ್ದು ಫ್ರಿಜ್ಜಿನಷ್ಟು ದೊಡ್ಡದಾದ ‘ಐಎಂಪಿ’ ಯಂತ್ರಗಳು. ಇಂದಿನ ರೂಟರಿಗೆ ಅವೇ ಅಜ್ಜಂದಿರು. 1983ರ ಜನವರಿ 1ರಂದು ಆ ಜಾಲ ಟಿಸಿಪಿ/ಐಪಿ ನಿಯಮಕ್ಕೆ ಬದಲಾಯಿತು. ಅದರಲ್ಲಿದ್ದ ವಿಳಾಸಗಳು ಸುಮಾರು 429 ಕೋಟಿ. ಆಗ ಅದು ಅಕ್ಷಯಪಾತ್ರೆಯಂತೆಯೇ ಕಂಡಿತ್ತು.

ಹತ್ತೇ ವರ್ಷದಲ್ಲಿ ಪಾತ್ರೆಯ ತಳ ಕಾಣುವ ಭಯ ಶುರುವಾಯಿತು. 1994ರ ಮೇ ತಿಂಗಳಲ್ಲಿ ಕೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ‘ನ್ಯಾಟ್’ ಎಂಬ ಉಪಾಯವನ್ನು ಬರೆದಿಟ್ಟರು. ನೀವಿರುವ ಅಪಾರ್ಟ್‌ಮೆಂಟನ್ನೇ ನೆನಪಿಸಿಕೊಳ್ಳಿ. ಹೊರಗೆ ಇಡೀ ಕಟ್ಟಡಕ್ಕೆ ಒಂದೇ ವಿಳಾಸ, ಒಳಗೆ ಫ್ಲ್ಯಾಟ್ ನಂಬರು. ಪಕ್ಕದ ಕಟ್ಟಡದಲ್ಲೂ 101 ಇದ್ದರೆ ತೊಂದರೆಯಿಲ್ಲ; ಯಾರ ಕಾಗದ ಯಾರಿಗೆ ಎಂದು ಗೇಟಿನವನು ನೋಡಿಕೊಳ್ಳುತ್ತಾನೆ. 192.168ರಿಂದ ಶುರುವಾಗುವ ನಂಬರುಗಳು ಇಂಥ ಒಳಬಳಕೆಗೇ ಮೀಸಲಾದವು.

ಇದು ತಾತ್ಕಾಲಿಕ ಪರಿಹಾರ ಎಂದೇ ಬರೆದವರು ಹೇಳಿದ್ದರು. ಆದರೆ 2011ರ ಫೆಬ್ರವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ವಿಳಾಸಗಳೂ ಹಂಚಿಹೋದವು. ತಾತ್ಕಾಲಿಕವಾದದ್ದು ಮನೆಮನೆಯಲ್ಲೂ ಉಳಿಯಿತು.

ಈಗ ನಿಮ್ಮ ಜಗಳದ ಮೂಲ ಸಿಕ್ಕಿತಲ್ಲವೇ? ಮನೆಯ ರೂಟರ್ ಈಗ ಗೇಟಿನವನೂ ಹೌದು, ನಂಬರು ಹಂಚುವ ಯಜಮಾನನೂ ಹೌದು. ಎರಡನೆಯದನ್ನು ತಂದರೆ ಅದೂ ಯಜಮಾನನೇ. ‘ವ್ಯಾನ್’ ಎಂದು ಬರೆದ ಕಿಂಡಿಗೆ ತಂತಿ ಹಾಕಿದರೆ ಅದು ಕೋಣೆಯ ಬಾಗಿಲಲ್ಲಿ ಇನ್ನೊಂದು ಗೇಟು ಕಟ್ಟುತ್ತದೆ. ಹಾಲ್‌ನಿಂದ ಬಂದವರನ್ನು ತಡೆಯುತ್ತದೆ. ಮಾಮೂಲು ‘ಲ್ಯಾನ್’ ಕಿಂಡಿಗೆ ಹಾಕಿದರೆ ಇಬ್ಬರೂ ನಂಬರು ಹಂಚಲು ಹೊರಟು ಗೊಂದಲ.

ಪರಿಹಾರ ಸುಲಭ. ಎರಡನೆಯ ರೂಟರಿನಲ್ಲಿ ‘ಆಕ್ಸೆಸ್ ಪಾಯಿಂಟ್’ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಮೊದಲಿನದು 192.168.1.1 ಆಗಿರುವಾಗ ಇದಕ್ಕೆ 192.168.1.2ರಂಥ, ಬೇರೆ ಯಾವುದಕ್ಕೂ ಕೊಡದ ನಂಬರು ಕೊಡಿ, ನಂಬರು ಹಂಚುವ ‘ಡಿಎಚ್‌ಸಿಪಿ’ಯನ್ನು ನಿಲ್ಲಿಸಿ, ಆಮೇಲೆ ಲ್ಯಾನ್ ಕಿಂಡಿಯಿಂದ ಲ್ಯಾನ್ ಕಿಂಡಿಗೆ ತಂತಿ ಎಳೆಯಿರಿ. ಯಜಮಾನಿಕೆ ಒಬ್ಬರಿಗೇ ಇರಲಿ, ಇನ್ನೊಬ್ಬರು ಕೈಜೋಡಿಸಲಿ.

ಅಮ್ಮನ ಮಾತು ಇನ್ನು ಅರ್ಧಕ್ಕೆ ನಿಲ್ಲದಿರಲಿ. ಮತ್ತೆ ಸಿಗೋಣ!