ಎರವಲು ಅಚ್ಚು, ಹಿರಿಯ ಗಾಲಿ

ಕಳಂಬೋಲಿಯ ಕೂಡುದಾರಿಯಲ್ಲಿ ನಿಂತು ಒಂದು ಗಳಿಗೆ ಊರನ್ನು ನೆನೆಯದ ಕನ್ನಡಿಗನಿಲ್ಲ. ಇಲ್ಲಿಂದ ಒಂದು ಹೆದ್ದಾರಿ ಘಟ್ಟವನ್ನೇರಿ, ಪುಣೆ ಕೊಲ್ಲಾಪುರಗಳನ್ನು ಹಾದು, ಬೆಳಗಾವಿ ಹುಬ್ಬಳ್ಳಿಗಳಿಗೆ ಹೋಗುತ್ತದೆ. ಇನ್ನೊಂದು ನೆರೆಯ ಪನವೇಲಿನಿಂದ ಹೊರಟು, ಕೊಂಕಣದುದ್ದಕ್ಕೂ ಇಳಿದು, ಕಾರವಾರ, ಉಡುಪಿ, ಮಂಗಳೂರುಗಳನ್ನು ಮುಟ್ಟುತ್ತದೆ. 2002ರಲ್ಲಿ ಪೂರ್ಣವಾದ ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯ ಬಾಗಿಲೂ ಇದೇ. ಮುಂಬಯಿಯೊಳಗೆ ಇಕ್ಕಟ್ಟಿನಲ್ಲಿದ್ದ ಕಬ್ಬಿಣದ ವ್ಯಾಪಾರವನ್ನು ಹೊರಗೆ ತರಬೇಕೆಂದು ಸಿಡ್ಕೊ ಸಂಸ್ಥೆಯವರು ಕಟ್ಟಿದ ಉಕ್ಕಿನ ಪೇಟೆಯೂ ಇಲ್ಲಿಯೇ ಇರುವುದು. ಹಗಲಿರುಳು ಲಾರಿಗಳು ಸಾಲುಗಟ್ಟುವ ಇಂಥ ಊರಿನಲ್ಲಿ ನಾಲ್ಕು ಜನ ಕೂಡಿದೆಡೆ ಗಾಲಿ, ಅಚ್ಚು, ಟಯರುಗಳ ಮಾತು ಬಾರದೆ ಇದ್ದೀತೆ?

ರಾಜ್ಯೋತ್ಸವದ ಸಂಚಿಕೆಯಲ್ಲಿ ಅರಸರ, ಕವಿಗಳ, ದೇಗುಲಗಳ ಚರಿತ್ರೆಯನ್ನು ಬರೆಯುವುದು ವಾಡಿಕೆ. ಅದು ಉಚಿತವೇ ಸರಿ. ಈ ಸಲ ನಾವು ಒಂದು ಗಾಡಿಯ ಚರಿತ್ರೆಯನ್ನು ವಾಚಕರ ಮುಂದಿಡಲು ಬಯಸಿದ್ದೇವೆ. ದಾರಿಯಿಲ್ಲದ ಕಡೆ ನಡೆಯಬೇಕಾದ ಗಾಡಿ ಅದು. ಮೈ ಹಗುರ, ಅಚ್ಚು ಬೇರೊಂದು ವಾಹನದಿಂದ ತಂದದ್ದು, ಗಾಲಿ ಮೊದಲಿಗಿಂತ ಹಿರಿದು. ಇಂದಿನ ತರುಣರು ಇದನ್ನು ಹೊಸ ಶೋಕಿಯೆಂದು ತಿಳಿದಿರಬಹುದು. ವಿಚಾರಿಸಿ ನೋಡಿದರೆ ಇದರ ಬೇರು ನಮ್ಮ ಹಿರಿಯರ ಹೊಲದಲ್ಲಿಯೇ ಸಿಕ್ಕುತ್ತದೆ.

ಮೊದಲು ಎತ್ತಿನ ಗಾಡಿಯನ್ನೇ ನೋಡೋಣ. ಪನವೇಲು ಒಂದು ಕಾಲಕ್ಕೆ ಗಾಡಿಯ ಗಾಲಿಗಳಿಗೆ ಹೆಸರಾದ ಊರಾಗಿತ್ತು. ಬ್ರಿಟಿಷರ ಕಾಲದ ಗ್ಯಾಸೆಟಿಯರುಗಳಲ್ಲಿಯೂ ಈ ಕಸುಬಿನ ಮಾತು ಬಂದಿದೆ. ನಮ್ಮ ಕಡೆಯ ಗಾಲಿಯೂ ಅದೇ ಜಾತಿಯದು: ನಡುವೆ ಮರದ ಗುಂಬ, ಸುತ್ತ ಅರೆಗಳು, ಮೇಲೆ ಕಬ್ಬಿಣದ ಪಟ್ಟಿ, ಅಚ್ಚಿನ ತುದಿಗೆ ಗಾಲಿ ಕಳಚದಂತೆ ಕಡಾಣಿ. ಕೀಲೆಣ್ಣೆ ಆರಿದರೆ ಗಾಡಿ ಕಿರುಗುಟ್ಟುವುದು. ಎತ್ತುಗಳ ಬಲದ ಒಂದು ಪಾಲು ಆ ಕಿರುಗುಟ್ಟುವಿಕೆಗೇ ವೆಚ್ಚವಾಗುವುದು. ಗಾಲಿ ಎತ್ತರವಾಗಿದ್ದುದರಿಂದ ಕಲ್ಲು ಕೊರಕಲುಗಳನ್ನು ದಾಟಲು ಅನುಕೂಲವಿತ್ತೆಂಬುದು ನಿಜ. ಆದರೆ ಪಟ್ಟಿಯ ಅಗಲ ಎರಡು ಮೂರು ಬೆರಳು ಮಾತ್ರ. ಧಾರವಾಡ, ವಿಜಯಪುರಗಳ ಎರೆಯ ಹೊಲದಲ್ಲಿ ಮಳೆ ಬಿದ್ದ ಮೇಲೆ ಚಕ್ಕಡಿ ಹೊಡೆದವರಿಗೆ ಅದರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಿರಿದಾದ ಪಟ್ಟಿ ಮಣ್ಣನ್ನು ಚಾಕುವಿನಂತೆ ಕೊಯ್ದು ಒಳಗೆ ಇಳಿಯುವುದು, ಎತ್ತುಗಳು ಮೊಣಕಾಲೂರುವುವು.

ಈ ಕಷ್ಟಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಹವೆ ತುಂಬಿದ ರಬ್ಬರು ಟಯರು ಪರಿಹಾರವಾಗಿ ಬಂದಿತು. ಟಯರು ಮಾಡುವ ಕಂಪನಿಯ ಹೆಸರೇ ಗಾಡಿಗೂ ಅಂಟಿಕೊಂಡು ಜನ ಅದನ್ನು ‘ಡನ್ಲಪ್ ಗಾಡಿ’ ಎಂದರು. ಹಲವೆಡೆ ಅದು ‘ಟಯರು ಗಾಡಿ’ಯಾಯಿತು. ಹೊಸ ಅಚ್ಚನ್ನು ಕೊಳ್ಳುವ ಶಕ್ತಿ ಎಲ್ಲ ರೈತರಿಗೂ ಇರಲಿಲ್ಲ. ಅಂಥವರು ಗುಜರಿ ಅಂಗಡಿಗೆ ಹೋಗಿ, ಓಡಾಟ ಮುಗಿಸಿದ ಮೋಟಾರಿನ ಅಚ್ಚನ್ನೂ ಸವೆದ ಟಯರುಗಳನ್ನೂ ಕೊಂಡು ತಂದು, ಊರ ಬಡಿಗನನ್ನೂ ಕಮ್ಮಾರನನ್ನೂ ಕೂಡಿಸಿ ಗಾಡಿಯನ್ನು ಕಟ್ಟಿಸಿಕೊಂಡರು. ಇಲ್ಲಿ ಗಾಲಿಯ ಎತ್ತರ ಕಡಮೆಯಾಯಿತು, ಅಗಲ ಹೆಚ್ಚಿತು. ಅಚ್ಚಿನ ತುದಿಯಲ್ಲಿ ಬೇರಿಂಗು ಇದ್ದುದರಿಂದ ಎಳೆತ ಹಗುರವಾಯಿತು. ಕಬ್ಬಿನ ಹಂಗಾಮಿನಲ್ಲಿ ಮಂಡ್ಯದ ಕಡೆಯಾಗಲಿ ಬೆಳಗಾವಿಯ ಕಡೆಯಾಗಲಿ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಇಂಥ ಗಾಡಿಗಳ ಸಾಲನ್ನು ಕಂಡವರು ನಮ್ಮಲ್ಲಿ ಬಹುಮಂದಿ ಇದ್ದಾರೆ.

ಬೆಂಗಳೂರಿನ ಐ.ಐ.ಎಂ. ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪ್ರೊಫೆಸರ್ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಿಂದ ಮೊದಲುಗೊಂಡು ಎತ್ತಿನ ಗಾಡಿಯ ಸುಧಾರಣೆಗಾಗಿ ಬಿಡದೆ ವಾದಿಸಿದರು. ಗಾಡಿಯ ಮೈ ಹಗುರವಾಗಬೇಕು, ಅಚ್ಚಿಗೆ ಬೇರಿಂಗು ಬೇಕು, ನೊಗ ಎತ್ತಿನ ಹೆಗಲನ್ನು ಕೊರೆಯಬಾರದು ಎಂಬುದು ಅವರ ಆಗ್ರಹವಾಗಿತ್ತು. ದೊಡ್ಡ ದೊಡ್ಡ ಉದ್ಯಮಗಳ ಆಡಳಿತವನ್ನು ಕಲಿಸುವ ಸಂಸ್ಥೆಯ ಮುಖ್ಯಸ್ಥರು ಎತ್ತಿನ ಹೆಗಲಿನ ಹುಣ್ಣನ್ನು ಕುರಿತು ಚಿಂತಿಸಿದರೆಂಬುದನ್ನು ನಾವು ಮರೆಯಲಾಗದು.

ನಮ್ಮ ಬಡಿಗ ಕಮ್ಮಾರರು ಬಡತನದ ಒತ್ತಾಯದಿಂದ ಮಾಡಿದ ಕೆಲಸವನ್ನು ಅಮೆರಿಕದಲ್ಲಿ ಯುದ್ಧದ ಅವಸರ ಮಾಡಿಸಿತು. 1940ರ ಬೇಸಿಗೆಯಲ್ಲಿ ಅಲ್ಲಿಯ ಸೈನ್ಯಕ್ಕೆ ನಾಲ್ಕು ಗಾಲಿಗಳಿಗೂ ಇಂಜಿನಿನ ಬಲ ಮುಟ್ಟುವ ಒಂದು ಪುಟ್ಟ ವಾಹನ ಬೇಕಾಯಿತು. ಅದರ ತೂಕ 1,300 ಪೌಂಡು, ಎಂದರೆ ಸುಮಾರು 590 ಕಿಲೋ, ಮೀರಕೂಡದೆಂದು ಕಟ್ಟಳೆಯಾಯಿತು. 135 ಕಂಪನಿಗಳಿಗೆ ಕರೆ ಹೋಯಿತು. ಮುಂದೆ ಬಂದವು ಎರಡೇ. ಅವುಗಳಲ್ಲಿ ಪೆನ್ಸಿಲ್ವೇನಿಯದ ಬ್ಯಾಂಟಮ್ ಎಂಬ ಚಿಕ್ಕ ಕಂಪನಿಯೊಂದು. ಅದರ ಪರವಾಗಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರು ಕೆಲವೇ ದಿನಗಳಲ್ಲಿ ನಕ್ಷೆಯನ್ನು ಬರೆದು ಮುಗಿಸಿದನು. ಮಾದರಿ ಗಾಡಿಯನ್ನು ಒಪ್ಪಿಸಲು ಕೊಟ್ಟ ಗಡುವು 49 ದಿನ. ಹೊಸ ಅಚ್ಚನ್ನು ಎರಕ ಹೊಯ್ಯಲು ವೇಳೆಯೆಲ್ಲಿ? ಆಗ ಸ್ಪೈಸರ್ ಕಂಪನಿಯವರು ಸ್ಟೂಡ್‌ಬೇಕರ್ ಚಾಂಪಿಯನ್ ಎಂಬ ಸಾಮಾನ್ಯ ಕಾರಿನ ಅಚ್ಚನ್ನೇ ತಿದ್ದಿ, ಈ ಗಾಡಿಗೆ ಹೊಂದಿಸಿಕೊಟ್ಟರು. 1940ರ ಸೆಪ್ಟೆಂಬರ್ 23ರಂದು ಗಾಡಿ ಗಡುವಿನೊಳಗೆ ಸೈನ್ಯದ ಕೈ ಸೇರಿತು. ಲೋಕದಲ್ಲೆಲ್ಲ ಹೆಸರಾದ ಜೀಪಿನ ಮೂಲಪುರುಷನೂ ಎರವಲು ಅಚ್ಚಿನ ಮೇಲೆಯೇ ಹುಟ್ಟಿದನೆಂಬುದು ನಮ್ಮ ಗುಜರಿ ಅಚ್ಚಿನ ಗಾಡಿಗೆ ಸಣ್ಣ ಗೌರವವಲ್ಲ.

ತೂಕದ ಕಟ್ಟಳೆ ಮಾತ್ರ ಯಾರಿಂದಲೂ ಪಾಲಿಸಲಾಗದ್ದಾಗಿತ್ತು. ಕೊನೆಗೆ ಸೈನ್ಯದವರು ಅದನ್ನು 2,160 ಪೌಂಡಿಗೆ ಏರಿಸಿದರು. ವಿಲ್ಲಿಸ್ ಕಂಪನಿಯ ಗಾಡಿಗೆ ಇಂಜಿನು ಬಲವಾದದ್ದು, ಮೈ ಭಾರವಾದದ್ದು. ಅಲ್ಲಿಯ ಮುಖ್ಯ ಎಂಜಿನಿಯರು ಬಾರ್ನಿ ರೂಸ್, ಬೋಲ್ಟುಗಳ ಹೆಚ್ಚಿನ ಉದ್ದವನ್ನು ಕತ್ತರಿಸಿ, ಬಳಿದ ಬಣ್ಣವನ್ನು ಸಹ ತೆಳುವಾಗಿಸಿ, ಔನ್ಸು ಔನ್ಸಾಗಿ ತೂಕವನ್ನು ಇಳಿಸಿದನೆಂದು ಹೇಳುತ್ತಾರೆ. ಕೆಸರಿನಲ್ಲಿ ಬಲಕ್ಕಿಂತ ಹಗುರವೇ ದೊಡ್ಡ ಗುಣವೆಂಬುದನ್ನು ಆತ ಬಲ್ಲವನಾಗಿದ್ದನು. 1945ರೊಳಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳೆರಡೂ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಮಾಡಿದವು.

ಆ ಜೀಪು ನಮ್ಮ ಪಾಲಿಗೆ ಬಂದದ್ದು ಈ ಮುಂಬಯಿಯ ದಾರಿಯಿಂದಲೇ. 1945ರಲ್ಲಿ ಆರಂಭವಾಗಿ 1948ರಲ್ಲಿ ಈಗಿನ ಹೆಸರನ್ನು ಪಡೆದ ಮಹೀಂದ್ರ ಅಂಡ್ ಮಹೀಂದ್ರ ಕಂಪನಿಯವರು ಆ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ಹಡಗಿನಲ್ಲಿ ತರಿಸಿ ಮಜಗಾಂವ್‌ನಲ್ಲಿ ಜೋಡಿಸತೊಡಗಿದರು. ಮುಂದೆ ಕಾಂದಿವಲಿಯಲ್ಲಿ ಕಾರ್ಖಾನೆ ಬೆಳೆಯಿತು. ಇಲ್ಲಿ ಜೋಡಣೆಯಾದ ಜೀಪುಗಳು ಅಲ್ಲಿಯ ಮಲೆನಾಡನ್ನು ಸೇರಿದವು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಗೊಬ್ಬರ ಹೊತ್ತವು. ಬಾಣಂತಿಯರನ್ನು ಆಸ್ಪತ್ರೆಗೂ ಮಕ್ಕಳನ್ನು ಶಾಲೆಗೂ ಸಾಗಿಸಿದವು. ಸೇತುವೆಯಿಲ್ಲದ ಹಳ್ಳಗಳನ್ನು ಹಾಯ್ದವು. ನಮ್ಮ ಬಳಗದ ಕುಟುಂಬಗಳು ರಜೆಯಲ್ಲಿ ಊರಿಗೆ ಹೋದಾಗ ಕೊಲ್ಲೂರಿನಲ್ಲಿ ಮೂಕಾಂಬಿಕೆಯ ದರ್ಶನವನ್ನು ಮಾಡಿ, ಅಲ್ಲಿಂದ ಕೊಡಚಾದ್ರಿಗೆ ಜೀಪಿನಲ್ಲಿ ಏರುವುದುಂಟು. ಸಮುದ್ರಮಟ್ಟದಿಂದ 1,343 ಮೀಟರ್ ಎತ್ತರದ ಆ ಬೆಟ್ಟದ ಕೊನೆಯ ಏರಿನಲ್ಲಿ, ಕಲ್ಲಿನಿಂದ ಕಲ್ಲಿಗೆ ಗಾಲಿ ಇಡುತ್ತಾ ಹೋಗುವ ಚಾಲಕನ ಕೈಚಳಕವನ್ನು ಕಂಡವರು, ಗಾಡಿಯೆಂದರೇನೆಂಬುದನ್ನು ಅಲ್ಲಿ ಹೊಸದಾಗಿ ಕಲಿತು ಬರುತ್ತಾರೆ.

ಇನ್ನು ನಮ್ಮ ಕಾಲದ ಮಾತು. 1985ರಲ್ಲಿ ಮಾರುತಿ ಕಂಪನಿಯ ಜಿಪ್ಸಿ ಬಂದಿತು. ತೂಕ ಹೆಚ್ಚು ಕಡಮೆ ಒಂದು ಸಾವಿರ ಕಿಲೋ. ಹಿಂದೆಯೂ ಮುಂದೆಯೂ ಇಡಿಯ ಅಚ್ಚು, ಪಟ್ಟೆ ಸ್ಪ್ರಿಂಗು. 2019ರಲ್ಲಿ ಸಾರ್ವಜನಿಕರಿಗೆ ಅದರ ಮಾರಾಟ ನಿಂತುಹೋದರೂ, ಕಾಡುಮೇಡುಗಳಲ್ಲಿ ಗಾಡಿ ಓಡಿಸುವ ಪಂದ್ಯಗಾರರಿಗೆ ಅದರ ಮೇಲಿನ ಮೋಹ ಹೋಗಿಲ್ಲ. ಮಲೇಷ್ಯದಲ್ಲಿ 1997ರಲ್ಲಿ ಹುಟ್ಟಿದ ‘ರೇನ್‌ಫಾರೆಸ್ಟ್ ಚಾಲೆಂಜ್’ ಎಂಬ ಮಳೆಗಾಡಿನ ಪಂದ್ಯ 2014ರಲ್ಲಿ, ನಾವು ಊರಿಗೆ ಹೋಗುವ ಕಡಲದಾರಿಯ ಮೇಲಿರುವ ಗೋವೆಗೂ ಬಂದಿತು. ಇಂಥ ಪಂದ್ಯಗಳಿಗೆ ಜಿಪ್ಸಿಯಂಥ ಹಗುರ ಗಾಡಿಯ ಅಚ್ಚನ್ನು ಬದಲಿಸಿ, ಹಿರಿಯ ಟಯರುಗಳನ್ನು ತೊಡಿಸುತ್ತಾರೆ.

ಅಚ್ಚನ್ನು ಬದಲಿಸುವುದೇಕೆ? ಇದರ ಲೆಕ್ಕ ಬಹು ಸರಳವಾದದ್ದು. ಇಡಿಯ ಅಚ್ಚಿನ ಗಾಡಿಯಲ್ಲಿ ನೆಲಕ್ಕೆ ಅತ್ಯಂತ ಸಮೀಪವಿರುವುದು ಅಚ್ಚಿನ ನಡುವಣ ಗುಂಡು, ಎಂದರೆ ಕ್ರೌನ್ ಪಿನಿಯನ್ ಇರುವ ಮನೆ. ಸ್ಪ್ರಿಂಗನ್ನು ಎಷ್ಟು ಎತ್ತರಿಸಿದರೂ ಗಾಡಿಯ ಮೈ ಏರುವುದೇ ಹೊರತು ಈ ಗುಂಡು ಏರುವುದಿಲ್ಲ. ಅದನ್ನು ಏರಿಸಲು ಹಿರಿಯ ಗಾಲಿಯೇ ಸುಲಭದ ಉಪಾಯ. 28 ಅಂಗುಲದ ಟಯರನ್ನು ತೆಗೆದು 33 ಅಂಗುಲದ್ದನ್ನು ಹಾಕಿದರೆ, ಹೆಚ್ಚಿದ ಐದು ಅಂಗುಲದಲ್ಲಿ ಅರ್ಧ, ಎಂದರೆ ಎರಡೂವರೆ ಅಂಗುಲ, ಗುಂಡು ಮೇಲೇರುತ್ತದೆ. ಟಯರಿನ ಹವೆಯನ್ನು ಚದರ ಅಂಗುಲಕ್ಕೆ 30 ಪೌಂಡಿನಿಂದ 15ಕ್ಕೆ ಇಳಿಸಿದರೆ ನೆಲವನ್ನು ಮುಟ್ಟುವ ಅದರ ಪಾದ ಹೆಚ್ಚು ಕಡಮೆ ಇಮ್ಮಡಿಯಾಗುತ್ತದೆ. ಗಾಡಿ ಮಣ್ಣನ್ನು ಕೊಯ್ಯದೆ ಅದರ ಮೇಲೆ ಹರಿಯುತ್ತದೆ. ಎರೆಯ ಹೊಲದಲ್ಲಿ ಟಯರು ಗಾಡಿ ಮಾಡಿದ ಉಪಕಾರವೂ ಇದೇ ಅಲ್ಲವೆ?

ಆದರೆ ಹಿರಿಯ ಗಾಲಿ ಸಾಲವನ್ನೂ ತರುತ್ತದೆ. ಅದೇ ಲೆಕ್ಕದಲ್ಲಿ ಗಾಡಿಯ ಗೇರು ಶೇಕಡಾ 18ರಷ್ಟು ಉದ್ದವಾಗಿ ಏರಿನಲ್ಲಿ ಇಂಜಿನು ಏದುತ್ತದೆ. ಗಾಲಿಯನ್ನು ತಿರುಗಿಸುವ ಒಳಗಿನ ಸಲಾಕೆಗಳ ಮೇಲೆ ಭಾರ ಹೆಚ್ಚಿ, ಅವು ಬಂಡೆಗಳ ನಡುವೆ ಪಟ್ಟನೆ ಮುರಿಯುತ್ತವೆ. ಬ್ರೇಕಿಗೆ ಕೆಲಸ ಹೆಚ್ಚುತ್ತದೆ. ಹೀಗಾಗಿ ಬೇರೊಂದು ವಾಹನದ ಗಟ್ಟಿಯಾದ, ತಕ್ಕ ಹಲ್ಲಿನ ಲೆಕ್ಕವುಳ್ಳ ಅಚ್ಚನ್ನು ತರಬೇಕಾಗುತ್ತದೆ. ಯುದ್ಧಕಾಲದ ಜೀಪಿನಲ್ಲಿ ಅಚ್ಚಿನ ಈ ಲೆಕ್ಕ 4.88 ಇತ್ತು, ಆಮೇಲೆ ಬಂದ ಸಿ.ಜೆ. 3ಬಿ ಮಾದರಿಯಲ್ಲಿ 5.38 ಆಯಿತು. ಅಂಕಿ ಹೆಚ್ಚಿದಷ್ಟೂ ಓಟ ನಿಧಾನ, ಎಳೆತ ಬಲ. ತೀರ ಭಾರವಾದ ಅಚ್ಚನ್ನು ತಂದರೆ ಹಗುರವೆಂಬ ಮೂಲಗುಣವೇ ಹಾಳಾಗುವುದು. ಎಷ್ಟು ಗಟ್ಟಿ ಬೇಕು, ಎಷ್ಟು ತೂಕ ಸಾಕು ಎಂದು ತೂಗಿ ನೋಡುವುದರಲ್ಲಿಯೇ ಮೇಸ್ತ್ರಿಯ ಜಾಣತನವಿರುವುದು.

ಇಲ್ಲಿ ತರುಣರಿಗೆ ಒಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಎತ್ತರಿಸಿದ ಗಾಡಿ ತಿರುವಿನಲ್ಲಿ ಮಗುಚಲು ಹೆಚ್ಚು ಸುಲಭ. ನೋಡಲು ಚೆಂದವೆಂದು ಹಿರಿಯ ಟಯರನ್ನು ಹಾಕಿಸಿ, ಬ್ರೇಕನ್ನೂ ಅಚ್ಚನ್ನೂ ಮರೆತವನು ತನ್ನ ಜೀವದೊಡನೆ ದಾರಿಹೋಕರ ಜೀವವನ್ನೂ ಪಣವಾಗಿ ಇಡುತ್ತಾನೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆದುದರಿಂದ ಪಂದ್ಯದ ಗಾಡಿಯನ್ನು ಪಂದ್ಯದ ಅಂಕಣದಲ್ಲಿಯೇ ಇಡುವುದು ವಿವೇಕ. ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಊರಿಗೆ ಹೋಗುವ ಗಾಡಿ ಬೇರೆಯೇ ಇರಲಿ.

ಕಾಯಿದೆಯನ್ನು ಗೌರವಿಸುತ್ತಲೇ ಒಂದು ಕೊರಗನ್ನೂ ತೋಡಿಕೊಳ್ಳಬೇಕಾಗಿದೆ. ಪ್ರಾಬ್ಸ್ಟ್, ರೂಸ್ ಮೊದಲಾದವರ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಅವರ ಕೆಲಸವನ್ನೇ ನಕ್ಷೆಯಿಲ್ಲದೆ, ಹಣವಿಲ್ಲದೆ ಮಾಡಿದ ನಮ್ಮ ಬಡಿಗ, ಕಮ್ಮಾರ, ಮೇಸ್ತ್ರಿಗಳ ಹೆಸರು ಎಲ್ಲಿಯೂ ಇಲ್ಲ. ಮರದ ಅಚ್ಚನ್ನು ಬಿಚ್ಚಿ ಮೋಟಾರಿನ ಅಚ್ಚನ್ನು ನಮ್ಮ ಊರಿನಲ್ಲಿ ಮೊದಲು ಕೂರಿಸಿದವರಾರು? ಘಟ್ಟದ ಮೇಲಿನ ತೋಟಕ್ಕೆ ಮೊದಲ ಜೀಪನ್ನು ಒಯ್ದವರಾರು? ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅವರೊಡನೆ ಗುಂಬ, ಅರೆ, ಕಡಾಣಿ, ಕೀಲೆಣ್ಣೆ ಎಂಬ ಮಾತುಗಳೂ ಹೋಗುತ್ತಿವೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಎಂಜಿನಿಯರರಾಗುತ್ತಿದ್ದಾರೆ. ಆದರೆ ಅಜ್ಜನ ಗಾಡಿಯ ಭಾಗಗಳ ಹೆಸರುಗಳನ್ನು ಕೇಳಿದರೆ ತಬ್ಬಿಬ್ಬಾಗುತ್ತಾರೆ. ತಪ್ಪು ಅವರದಲ್ಲ, ಹೇಳಿಕೊಡದ ನಮ್ಮದು.

ಆದಕಾರಣ ವಾಚಕ ಬಂಧುಗಳಲ್ಲಿ ನಮ್ಮದೊಂದು ಪ್ರಾರ್ಥನೆ. ಈ ದೀಪಾವಳಿಯ ರಜೆಗೋ ಬರುವ ಬೇಸಿಗೆಗೋ ಊರಿಗೆ ಹೋದಾಗ, ಹಿತ್ತಿಲಲ್ಲಿ ಒರಗಿಸಿಟ್ಟ ಹಳೆಯ ಗಾಲಿ ಕಂಡರೆ ಅದರ ಮುಂದೆ ಮಕ್ಕಳನ್ನು ನಿಲ್ಲಿಸಿ ಒಂದೊಂದು ಭಾಗದ ಹೆಸರನ್ನೂ ಹೇಳಿಸಿರಿ. ಮನೆಯಲ್ಲಿ ಗಾಡಿ ಹೊಡೆದ, ಜೀಪು ನಡೆಸಿದ, ಗ್ಯಾರೇಜಿನಲ್ಲಿ ದುಡಿದ ಹಿರಿಯರಿದ್ದರೆ ಅವರ ಬಾಯಿಂದ ನಾಲ್ಕು ಮಾತುಗಳನ್ನು ಬರೆದುಕೊಳ್ಳಿರಿ. ಕನ್ನಡ ಹಾಳೆಯೊಂದರಲ್ಲಿ ಬರೆದು ಸಂಘಕ್ಕೆ ತಂದುಕೊಟ್ಟರೆ ಬರುವ ವರ್ಷದ ಸಂಚಿಕೆಯಲ್ಲಿ ಅದಕ್ಕೆ ಸ್ಥಳವುಂಟು. ಇಲ್ಲಿಯ ನೆಲದಲ್ಲಿ ನೆಲೆ ನಿಂತ ನಾವೂ ಬೇರೆಯ ಬಂಡಿಯಿಂದ ಬಂದು ಹೊಂದಿಕೊಂಡು ಭಾರ ಹೊತ್ತವರೇ. ಹೊತ್ತ ಕಥೆಯನ್ನು ನಾವೇ ಬರೆದಿಡದಿದ್ದರೆ ಬೇರೆಯವರು ಬಂದು ಬರೆದಾರೆಂದು ಕಾದು ಕೂರಲಾದೀತೆ?