ಪದ ಪರಿಚಯ: ಎಣ್ಣೆ

'ಎಳ್' ಮತ್ತು 'ನೆಯ್' ಸೇರಿ 'ಎಣ್ಣೆ' ಆಯಿತು. ನೆಯ್ ಎಂದರೆ ಜಿಡ್ಡು, ತುಪ್ಪ. ತಮಿಳರು ತುಪ್ಪಕ್ಕೆ ಇಂದಿಗೂ ಹಾಗೆಯೇ ಅನ್ನುತ್ತಾರೆ. ಅಂದರೆ ಎಣ್ಣೆ ಮೊದಲು ಎಳ್ಳಿನದೇ. ಸಂಸ್ಕೃತದ 'ತೈಲ' ಕೂಡ 'ತಿಲ'ದಿಂದ, ಅಂದರೆ ಎಳ್ಳಿನಿಂದ, ಬಂದದ್ದು. ಕಡಲೆಕಾಯಿ, ಕೊಬ್ಬರಿ, ಹರಳುಗಳಿಗೆ ಆ ಹೆಸರು ಆಮೇಲೆ ಹಬ್ಬಿತು. 'ಎಳ್ಳೆಣ್ಣೆ' ಎನ್ನುವಾಗ ಎಳ್ಳನ್ನು ಎರಡು ಸಲ ಹೇಳುತ್ತೇವೆ!

ಈ ಗೌರವ ಎಳ್ಳಿಗೆ ಸಲ್ಲತಕ್ಕದ್ದೇ. ಗಾಳಿಯ ಆಮ್ಲಜನಕ ತಾಗಿದರೆ ಎಣ್ಣೆಗೆ ಕಮಟು ವಾಸನೆ ಬರುತ್ತದೆ. ಎಳ್ಳೆಣ್ಣೆ ಮಾತ್ರ ಅಷ್ಟು ಬೇಗ ಕೆಡದು. ಕಾಳು ಹುರಿದಾಗ ಅದರಲ್ಲಿರುವ ಸೆಸಮೋಲಿನ್ ಎಂಬ ರಾಸಾಯನಿಕ ಒಡೆದು ಸೆಸಮೋಲ್ ಆಗುತ್ತದೆ. ಇದು ಟೊಕೊಫೆರಾಲ್ (ವಿಟಮಿನ್ ಇ) ಜತೆಗೂಡಿ, ಆಮ್ಲಜನಕದಿಂದ ಎಣ್ಣೆ ಕೆಡುವುದನ್ನು ತಡೆಯುತ್ತದೆ. ಆದರೂ ಬಿಸಿಲು, ಒಲೆಯ ಕಾವು ತಾಗದ ಕಡೆ ಮುಚ್ಚಳ ಬಿಗಿದೇ ಇಡಿ.